ಊರ ಹೊರಗಿನ ಬಿಡಾರ

ಗದಗಿನ ಕಡೆಯ ಒಬ್ಬ ಸೋದರಿಯು ಈ ಅಂಕಣಕ್ಕೆ ಒಂದು ಕಾಗದವನ್ನು ಬರೆದಿದ್ದಾರೆ. ಅವರ ಅತ್ತೆಯವರಿಗೆ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಯು ನಡೆದಿದೆ. ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಕರೆದೊಯ್ದು ವೈದ್ಯರಿಗೆ ತೋರಿಸಬೇಕಾಗಿದೆ. ವೃದ್ಧೆಗೆ ರಾತ್ರಿಯ ಬಸ್ಸಿನ ಪ್ರಯಾಣವು ಒಗ್ಗದ ಕಾರಣ ಮನೆಯ ಕಾರಿನಲ್ಲಿಯೇ ಹೋಗುತ್ತಾರೆ. "ಔಷಧೋಪಚಾರದ ವೆಚ್ಚಕ್ಕೆ ನಾವು ಮನಸ್ಸನ್ನು ಗಟ್ಟಿಮಾಡಿಕೊಂಡೇ ಹೊರಟಿದ್ದೆವು. ಆದರೆ ಮೂರು ರಾತ್ರಿ ಮಲಗಿ ಏಳುವುದಕ್ಕೆ ಇಷ್ಟು ಹಣವೂ, ಕಾರೊಂದನ್ನು ನಿಲ್ಲಿಸುವುದಕ್ಕೆ ಇಷ್ಟು ಪಾಡೂ ಬೇಕಾದೀತೆಂದು ಎಣಿಸಿರಲಿಲ್ಲ. ಮುಂದಿನ ಸಲ ಕಾರಿನಲ್ಲಿಯೇ ಮಲಗಿದರಾಯಿತೆಂದು ಯಜಮಾನರು ಹೇಳುತ್ತಾರೆ. ಏನು ಮಾಡಬೇಕೆಂಬುದನ್ನು ತಿಳಿಸುವಿರಾ?" ಎಂದು ಅವರು ಕೇಳಿದ್ದಾರೆ.

ಈ ಪ್ರಶ್ನೆಗೆ ಉತ್ತರವನ್ನು ನಾನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ನಮ್ಮ ಮನೆಯವರೂ ಇದೇ ದಾರಿಯನ್ನು ತುಳಿದು ಬಂದಿದ್ದೇವೆ. ೨೦೨೪ರ ಬೇಸಿಗೆಯಲ್ಲಿ ನಮ್ಮ ವೈನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಊರಿನ ವೈದ್ಯರು ಪರೇಲಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಣ್ಣ, ವೈನಿ ಮತ್ತು ನಾನು ಧಾರವಾಡದಿಂದ ಕಾರಿನಲ್ಲಿ ಹೊರಟೆವು. ಮೊದಲನೆಯ ಸಲ ನಾವು ಮಾಡಿದ ತಪ್ಪನ್ನೂ, ಎರಡನೆಯ ಸಲ ಅದನ್ನು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಬರೆದರೆ ಆ ಸೋದರಿಗೂ, ಅವರಂತಹ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ನಂಬಿದ್ದೇನೆ.

ಜೂನ್ ತಿಂಗಳು, ಮಳೆ ಹಿಡಿದಿತ್ತು. ಬೆಳಗಿನ ಐದು ಗಂಟೆಗೆ ಮನೆ ಬಿಟ್ಟು, ಬೆಳಗಾವಿ, ಕೊಲ್ಹಾಪುರ, ಸಾತಾರೆಗಳನ್ನು ದಾಟಿ, ಪುಣೆಯ ಆಚೆ ಎಕ್ಸ್‌ಪ್ರೆಸ್ ಮಾರ್ಗವನ್ನು ಹಿಡಿದು, ಖಂಡಾಳದ ಘಟ್ಟವನ್ನಿಳಿದು, ಸಂಜೆ ನಾಲ್ಕೂವರೆಯ ಸುಮಾರಿಗೆ ಕಳಂಬೋಳಿಗೆ ಬಂದೆವು. ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಹಗಲು ಮುಗಿಯುವುದರೊಳಗೆ ಸವೆಸಿದೆವೆಂದು ಅಣ್ಣನಿಗೆ ಸಂತೋಷ. ಆದರೆ ಉಳಿದ ನಲವತ್ತು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು. ವೈನಿ ಹಿಂದಿನ ಆಸನದಲ್ಲಿ ಮಾತಿಲ್ಲದೆ ಕುಳಿತಿದ್ದರು.

ಆಸ್ಪತ್ರೆಗೆ ಹತ್ತಿರವಿರಬೇಕೆಂಬುದೊಂದೇ ಅಣ್ಣನ ಹಟವಾಗಿತ್ತು. ಮೊಬೈಲಿನಲ್ಲಿ ಚಿತ್ರವನ್ನು ನೋಡಿ, ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆಯನ್ನು ಮೊದಲೇ ಗೊತ್ತುಮಾಡಿದ್ದನು. ಕೋಣೆಯು ಮೂರನೆಯ ಮಹಡಿಯಲ್ಲಿತ್ತು; ಲಿಫ್ಟು ಕೆಟ್ಟಿತ್ತು. ಕಾರಿಗೆ ಜಾಗವಿರಲಿಲ್ಲ, ಅರ್ಧ ಕಿಲೋಮೀಟರು ದೂರದಲ್ಲಿ ಹಣ ತೆತ್ತು ನಿಲ್ಲಿಸಬೇಕಾಯಿತು. ವೈನಿ ಒಂದೊಂದು ಮಹಡಿಗೂ ಗೋಡೆ ಹಿಡಿದು ನಿಲ್ಲುತ್ತ ಮೇಲೆ ಹತ್ತಿದರು. ಅಣ್ಣನು ರಾತ್ರಿ ಹನ್ನೊಂದಕ್ಕೆ ಕೊಡೆ ಹಿಡಿದುಕೊಂಡು ಕಾರು ಇದೆಯೋ ಇಲ್ಲವೋ ಎಂದು ನೋಡಿ ಬರಲು ಹೋದನು. ಕೋಣೆಯಲ್ಲಿ ಇಬ್ಬರು ಮಂಚದ ಮೇಲೆ, ಒಬ್ಬರು ನೆಲದ ಮೇಲೆ.

ಮೂರು ರಾತ್ರಿಗಳ ಲೆಕ್ಕವನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಕೋಣೆಯ ಬಾಡಿಗೆ ದಿನಕ್ಕೆ ೪,೨೦೦ರಂತೆ ೧೨,೬೦೦ ರೂಪಾಯಿ. ಅಂದಿನ ಶೇಕಡಾ ೧೨ರ ತೆರಿಗೆ ೧,೫೧೨. ಕಾರು ನಿಲ್ಲಿಸಿದ್ದಕ್ಕೆ ರಾತ್ರಿಗೆ ೪೦೦ರಂತೆ ೧,೨೦೦. ಹತ್ತಿರವೇ ಇದ್ದರೂ ಮಳೆಯಲ್ಲಿ ರೋಗಿಯನ್ನು ನಡೆಯಿಸಲಾಗದೆ ಹೋಗಿಬರಲು ಕೊಟ್ಟ ಟ್ಯಾಕ್ಸಿಯ ಬಾಡಿಗೆ ೭೨೦. ಒಟ್ಟು ೧೬,೦೩೨ ರೂಪಾಯಿ. ಊಟ, ಪೆಟ್ರೋಲು, ದಾರಿಯ ಟೋಲು ಇದರಲ್ಲಿ ಸೇರಿಲ್ಲ.

ಹಣ ಹೋದುದಕ್ಕಿಂತ ಹೆಚ್ಚಿನದೊಂದು ಮಾತು ಮೂರನೆಯ ರಾತ್ರಿ ನಡೆಯಿತು. ವೈದ್ಯರು ಔಷಧವನ್ನು ನಮ್ಮ ಕಡೆಯಲ್ಲಿಯೇ ಕೊಡಿಸಲು ಒಪ್ಪಿ, ನಿಯಮಿತ ಕಾಲಕ್ಕೆ ಬಂದು ತೋರಿಸಿ ಹೋಗಬೇಕೆಂದು ಹೇಳಿದ್ದರು. ನಾನು ಮಲಗಿರುವೆನೆಂದು ತಿಳಿದು ವೈನಿ ಅಣ್ಣನಿಗೆ ಮೆಲ್ಲನೆ ಅಂದರು: "ಅಲ್ರೀ, ನನ್ನ ಸಲುವಾಗಿ ಎಷ್ಟು ರೊಕ್ಕ ಹೋಗಲಿಕ್ಕೆ ಹತ್ತೇದ ನೋಡ್ರಿ. ಮುಂದಿನ ಸಲ ಬರೋದು ಬ್ಯಾಡ. ಅಲ್ಲೇ ಹುಬ್ಬಳ್ಳ್ಯಾಗ ತೋರಿಸಿದ್ರ ಆತು."

ಅಣ್ಣನು ಏನೂ ಉತ್ತರ ಕೊಡಲಿಲ್ಲ. ನನಗೆ ಅಂದು ನಿದ್ದೆ ಬರಲಿಲ್ಲ. ಔಷಧದ ಬೆಲೆಗೆ ಹೆದರದ ಹೆಂಗಸು ಬಿಡಾರದ ಬೆಲೆಗೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟುಬಿಡಲು ಸಿದ್ಧಳಾಗಿದ್ದಳು. ನಮ್ಮ ಮನೆಗಳಲ್ಲಿ ಹೆಂಗಸರು ತಮ್ಮ ದೇಹದ ವಿಷಯದಲ್ಲಿ ಮಾಡುವ ಉಳಿತಾಯವು ಹೀಗೆಯೇ ಆರಂಭವಾಗುತ್ತದೆ. ಆದುದರಿಂದ ಬಿಡಾರದ ಪ್ರಶ್ನೆಯನ್ನು ಯಾರೂ ಕ್ಷುಲ್ಲಕವೆಂದು ತಿಳಿಯಬಾರದು.

ದಾರಿಯನ್ನು ತೋರಿಸಿದವರು ಆಸ್ಪತ್ರೆಯ ಸರದಿಯಲ್ಲಿ ನಮ್ಮ ಪಕ್ಕಕ್ಕೆ ಕುಳಿತಿದ್ದ ಸೊಲ್ಲಾಪುರದ ಒಬ್ಬ ಅಜ್ಜ. ನಮ್ಮ ಕನ್ನಡವನ್ನು ಕೇಳಿ ಮಾತಿಗೆ ಬಂದರು. ಎಲ್ಲಿ ಇಳಿದಿದ್ದೀರಿ, ಕಾರೆಲ್ಲಿ ಎಂದು ವಿಚಾರಿಸಿ, ಕೊನೆಗೆ ನಕ್ಕು, "ಅಲ್ಲ ತಂಗಿ, ಪನವೇಲ ದಾಟಿಕೊಂಡೇ ಬಂದೀರಲ್ಲ, ಅಲ್ಲೇ ಯಾಕ ಇಳೀಲಿಲ್ಲ? ಕಾರು ಊರ ಹೊರಗ ಬಿಡೂದು, ಮನುಷ್ಯಾರು ಊರಾಗ ಬರೂದು" ಎಂದರು. ಎರಡು ವರ್ಷದಿಂದ ಮಗನನ್ನು ಕರೆದುಕೊಂಡು ಬರುತ್ತಿದ್ದ ಅವರ ಅನುಭವದ ಮಾತು ಅದು.

ಅಜ್ಜನ ಮಾತಿನ ಅರ್ಥವು ಭೂಪಟವನ್ನು ನೋಡಿದರೆ ತಿಳಿಯುತ್ತದೆ. ಮುಂಬಯಿಯು ಮೂರು ಕಡೆ ನೀರಿನಿಂದ ಆವೃತವಾದ ಇಕ್ಕಟ್ಟಾದ ಊರು. ದಕ್ಷಿಣದಿಂದ ಹೋಗುವ ನಮಗೆ ಅದರ ಹೆಬ್ಬಾಗಿಲು ಪನವೇಲ. ಪುಣೆಯ ಕಡೆಯಿಂದ ಬರುವ ೯೪.೫ ಕಿಲೋಮೀಟರಿನ ಎಕ್ಸ್‌ಪ್ರೆಸ್ ಮಾರ್ಗವು ಮುಗಿಯುವುದು ಅದರ ಮಗ್ಗುಲಿನ ಕಳಂಬೋಳಿಯಲ್ಲಿ. ಅಲ್ಲಿಂದ ಮುಂದಿನ ಹೆದ್ದಾರಿಯು ಖಾರಘರ, ಬೇಲಾಪುರ, ನೇರೂಳ, ವಾಶಿಗಳ ಮೇಲೆ ಹಾಯ್ದು, ಖಾಡಿಯ ಸೇತುವೆಯನ್ನು ದಾಟಿ, ಸಾಯನ್ನಿಗೆ ಹೋಗುತ್ತದೆ. ಸಾಯನ್ ಎಂಬ ಹೆಸರು ಮರಾಠಿಯ 'ಶೀವ' ಎಂಬುದರ ರೂಪಾಂತರ. ಶೀವ ಎಂದರೆ ಊರಿನ ಗಡಿ, ನಮ್ಮ 'ಸೀಮೆ' ಎಂಬ ಶಬ್ದದ ಬಳಗದ್ದು. ಒಂದು ಕಾಲಕ್ಕೆ ಊರಿನ ಎಲ್ಲೆಯಾಗಿದ್ದ ಆ ಸ್ಥಳವು ಈಗ ಊರಿನ ಮಧ್ಯದಲ್ಲಿದೆ. ಎಲ್ಲೆಯು ಪೂರ್ವಕ್ಕೆ ಸರಿದು ಖಾಡಿಯನ್ನು ದಾಟಿ ಹೋಗಿದೆ. ಪರಸ್ಥಳದವನು ತಂಗಬೇಕಾದುದು ಈ ಹೊಸ ಎಲ್ಲೆಯಲ್ಲಿ.

ಖಾಡಿಯ ಆಚೆಯ ನವಿ ಮುಂಬಯಿಯು ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೋ ಎಂಬ ಸರಕಾರಿ ಸಂಸ್ಥೆಯು ಯೋಜನೆ ಹಾಕಿ ಕಟ್ಟಿದ ಊರು. ಬೀದಿಗಳು ಅಗಲವಾಗಿವೆ, ಕಟ್ಟಡಗಳ ಕೆಳಗೆ ಕಾರಿಗೆ ಎಡೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ ಲೋಕಲ್ ರೈಲು ಇದೆ. ಅದು ೧೯೯೨ರಲ್ಲಿ ಖಾಡಿಯನ್ನು ದಾಟಿ ವಾಶಿಗೆ, ೧೯೯೮ರಲ್ಲಿ ಪನವೇಲಿಗೆ ಬಂದಿತು. ಕೋಣೆಯ ಬಾಡಿಗೆ ಕಡಿಮೆ, ಕಾರಿಗೆ ನೆರಳು, ಊರೊಳಗೆ ಹೋಗಲು ರೈಲು, ಈ ಮೂರೂ ಒಂದೆಡೆ ಕೂಡಿದ ಸ್ಥಳವೇ ನಮ್ಮಂತಹವರಿಗೆ ತಕ್ಕ ಬಿಡಾರ. ಮೂರರಲ್ಲಿ ಒಂದು ಇಲ್ಲದಿದ್ದರೂ ಅಗ್ಗದ ಕೋಣೆಯು ದುಬಾರಿಯಾಗುತ್ತದೆ.

ಎರಡನೆಯ ಸಲ ಹೋದದ್ದು ಅದೇ ವರ್ಷದ ಅಕ್ಟೋಬರಿನ ಕೊನೆಯ ವಾರ. ಪನವೇಲ ನಿಲ್ದಾಣದಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿಯಲ್ಲಿ, ಹೆದ್ದಾರಿಯಿಂದ ಎರಡು ಬೀದಿ ಒಳಗೆ, ಒಂದು ಸಣ್ಣ ವಸತಿಗೃಹ. ಸಂಜೆ ನಾಲ್ಕೂವರೆಗೆ ಮುಟ್ಟಿದೆವು. ಐದಕ್ಕೆ ವೈನಿ ಕಾಲುಚಾಚಿ ಮಲಗಿದ್ದರು. ಯಜಮಾನರು ಕುಂದಾಪುರದ ಕಡೆಯವರು. ಔಷಧದ ಉಷ್ಣಕ್ಕೆ ವೈನಿಯ ಬಾಯಿಯಲ್ಲಿ ಹುಣ್ಣಾಗಿ ರೊಟ್ಟಿ ನುಂಗಲಾಗುತ್ತಿರಲಿಲ್ಲ. ಅದನ್ನು ಕೇಳಿ ಆ ಮನೆಯಾಕೆಯು ಕುಚ್ಚಲಕ್ಕಿಯ ಗಂಜಿಯನ್ನು ಮಾಡಿ, ತುಪ್ಪದ ಹನಿ ಹಾಕಿ, ಮೂರು ದಿನವೂ ಎರಡು ಹೊತ್ತು ಕಳುಹಿಸಿದರು. ಜೋಳದ ಸೀಮೆಯ ನಮ್ಮ ವೈನಿ ಹುಟ್ಟಿದಮೇಲೆ ಉಂಡಿರದ ಆ ಗಂಜಿಯನ್ನು ಬಟ್ಟಲು ಬರಿದು ಮಾಡಿ ಉಂಡರು.

ಈ ಸಲ ನಾವು ಕೆಲಸವನ್ನೂ ಹಂಚಿಕೊಂಡೆವು. ಮೊದಲನೆಯ ದಿನ ಪರೀಕ್ಷೆಗೆಂದು ವೈನಿಯನ್ನು ಕರೆದುಕೊಂಡು ರೈಲಿನಲ್ಲಿ ಹೋದೆವು. ಎರಡನೆಯ ದಿನ ಫಲಿತಾಂಶದ ಕಾಗದಗಳನ್ನು ತರಲು ಅಣ್ಣನೊಬ್ಬನೇ ಹೋದನು. ವೈನಿ ದಿನವಿಡೀ ವಿಶ್ರಾಂತಿ ಪಡೆದರು. ಮೂರನೆಯ ದಿನ ವೈದ್ಯರನ್ನು ಕಾಣಲು ಕಾರಿನಲ್ಲಿಯೇ ಹೋದೆವು.

ರೈಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವೆನು. ಹೊಸಬರು ಹೆದರುವುದು ಅದಕ್ಕೇ. ಪನವೇಲಿನಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋಗುವ ಹಾರ್ಬರ್ ಮಾರ್ಗದ ಗಾಡಿಯು ಪನವೇಲಿನಲ್ಲಿಯೇ ಹುಟ್ಟುತ್ತದೆ. ಆದುದರಿಂದ ಕುಳಿತುಕೊಳ್ಳಲು ಜಾಗ ಸಿಕ್ಕುವ ಸಂಭವ ಹೆಚ್ಚು. ಪರೇಲಿಗೆ ಹೋಗುವವರು ಇದೇ ಗಾಡಿಯಲ್ಲಿ, ಎಲ್ಲಿಯೂ ಬದಲಿಸದೆ, ಶಿವಡಿಯಲ್ಲಿ ಇಳಿಯಬಹುದು. ಒಂದು ಗಂಟೆಗೆ ಸ್ವಲ್ಪ ಮೇಲೆ ಹಿಡಿಯುತ್ತದೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದಾರಿ. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಅವಕಾಶವಿದೆ. ಆಸ್ಪತ್ರೆಯ ಕಾಗದವನ್ನು ಕೈಯಲ್ಲಿಟ್ಟುಕೊಂಡಿರಬೇಕು. ಬೆಳಿಗ್ಗೆ ಊರೊಳಕ್ಕೆ ಹೋಗುವ ಗಾಡಿಗಳಲ್ಲಿಯೂ, ಸಂಜೆ ಹೊರಕ್ಕೆ ಬರುವ ಗಾಡಿಗಳಲ್ಲಿಯೂ ಜನದಟ್ಟಣೆಯಿರುತ್ತದೆ. ನಸುಕಿನಲ್ಲಿ ಹೊರಟು ಮಧ್ಯಾಹ್ನ ಮೂರರೊಳಗಾಗಿ ಹಿಂದಿರುಗುವುದು ಕ್ಷೇಮ. ಭಾನುವಾರಗಳಲ್ಲಿ ಹಳಿಗಳ ದುರಸ್ತಿಗಾಗಿ ಹಗಲು ಗಾಡಿಗಳನ್ನು ನಿಲ್ಲಿಸುವುದುಂಟು. ಅಲ್ಲಿ ಇದನ್ನು ಮೆಗಾ ಬ್ಲಾಕ್ ಎನ್ನುತ್ತಾರೆ. ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ರೋಗಿಗೆ ರೈಲು ಆಗದೆಂದು ಕಂಡ ದಿನ ಕಾರಿಗೆ ಬೇರೊಂದು ದಾರಿಯಿದೆ. ೨೦೨೪ರ ಜನವರಿಯಲ್ಲಿ ತೆರೆದ ಅಟಲ್ ಸೇತುವು ಪನವೇಲಿನ ದಕ್ಷಿಣದ ಚಿರ್ಲೆಯಿಂದ ಸಮುದ್ರದ ಮೇಲೆ ಹಾಯ್ದು ನೇರವಾಗಿ ಶಿವಡಿಗೆ ಮುಟ್ಟಿಸುತ್ತದೆ. ಅದರ ಉದ್ದ ೨೧.೮ ಕಿಲೋಮೀಟರು. ನಾವು ಹೋದಾಗ ಕಾರಿಗೆ ಒಂದು ಕಡೆಗೆ ೨೫೦ ರೂಪಾಯಿ, ಹೋಗಿಬರಲು ೩೭೫ ರೂಪಾಯಿ ಟೋಲು ಇತ್ತು. ವಾಶಿಯ ಮೂಲಕ ಹೋಗುವುದಾದರೆ ಮುಂಬಯಿಯ ಪ್ರವೇಶದ ಐದು ನಾಕೆಗಳಲ್ಲಿ ಕಾರುಗಳಿಗೆ ಟೋಲನ್ನು ೨೦೨೪ರ ಅಕ್ಟೋಬರಿನಲ್ಲಿ ತೆಗೆದುಹಾಕಿದ್ದಾರೆ. ಆದರೆ ಆ ದಾರಿಯಲ್ಲಿ ಉಳಿಯುವ ಹಣವನ್ನು ಹೊತ್ತಿನ ರೂಪದಲ್ಲಿ ತೆರಬೇಕಾಗುತ್ತದೆ.

ಇನ್ನು ಈ ಸಲದ ಲೆಕ್ಕ. ಕೋಣೆಗೆ ದಿನಕ್ಕೆ ೧,೯೦೦ರಂತೆ ೫,೭೦೦ ರೂಪಾಯಿ, ತೆರಿಗೆ ೬೮೪, ಎರಡು ದಿನದ ರೈಲು ಹಾಗೂ ಟ್ಯಾಕ್ಸಿ ೬೦೦, ಮೂರನೆಯ ದಿನದ ಸೇತುವೆಯ ಟೋಲು, ಪೆಟ್ರೋಲು ಮತ್ತು ಅಲ್ಲಿ ಕಾರು ನಿಲ್ಲಿಸಿದ್ದು ಕೂಡಿ ೧,೧೭೫. ಒಟ್ಟು ೮,೧೫೯ ರೂಪಾಯಿ. ಜೂನಿನ ಲೆಕ್ಕಕ್ಕೂ ಇದಕ್ಕೂ ೭,೮೭೩ ರೂಪಾಯಿಗಳ ಅಂತರ. ಅಣ್ಣನು ಈ ಎರಡು ಚೀಟಿಗಳನ್ನು ಒಂದರ ಪಕ್ಕಕ್ಕೊಂದಿಟ್ಟು ವೈನಿಗೆ ತೋರಿಸಿದನು. ವೈನಿ ಮತ್ತೆ "ಬರೋದು ಬ್ಯಾಡ" ಎನ್ನಲಿಲ್ಲ.

ಅಂದಮಾತ್ರಕ್ಕೆ ಊರ ಹೊರಗಿನ ಕೋಣೆಗಳೆಲ್ಲವೂ ಒಳ್ಳೆಯವೆಂದಲ್ಲ. ಗೊತ್ತುಮಾಡುವ ಮುನ್ನ ಫೋನಿನಲ್ಲಿ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಕೇಳತಕ್ಕದ್ದು. ಕಾರು ನಿಲ್ಲುವುದು ಗೇಟಿನೊಳಗೋ ಬೀದಿಯಲ್ಲೋ? ಅದಕ್ಕೆ ಬೇರೆ ಹಣವಿದೆಯೋ? ಕೋಣೆ ಯಾವ ಮಹಡಿಯಲ್ಲಿದೆ, ಲಿಫ್ಟು ನಡೆಯುತ್ತಿದೆಯೋ? "ಲಿಫ್ಟು ಇದೆಯೋ" ಎಂದು ಕೇಳಿ ನಾವು ಒಮ್ಮೆ ಮೋಸಹೋಗಿದ್ದೇವೆ. ದಿನದ ಲೆಕ್ಕವು ಇಪ್ಪತ್ತನಾಲ್ಕು ಗಂಟೆಯದೋ, ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದೋ? ಬಿಸಿನೀರು ಯಾವ ಹೊತ್ತಿಗೆ? ಮೂರನೆಯವರಿಗೆ ಹಾಸಿಗೆ ಕೊಡುವರೋ? ವೈದ್ಯರು ದಿನ ಬದಲಿಸಿದರೆ ಮುಂಗಡದ ಹಣ ಹಿಂದಿರುಗುವುದೋ? ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ? ಈ ಕೊನೆಯದರಲ್ಲಿ ಈಗ ಗೃಹಸ್ಥರಿಗೆ ಅನುಕೂಲವಾಗಿದೆ: ದಿನಕ್ಕೆ ೭,೫೦೦ ರೂಪಾಯಿಯವರೆಗಿನ ಕೋಣೆಗಳ ಮೇಲಿನ ಜಿ.ಎಸ್.ಟಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೧೨ರಿಂದ ೫ಕ್ಕೆ ಇಳಿದಿದೆ. ಹಳೆಯ ದರದಲ್ಲಿ ಯಾರಾದರೂ ತೆರಿಗೆ ಹಾಕಿದರೆ ರಸೀದಿಯನ್ನು ಹಿಡಿದು ಕೇಳಬೇಕು.

ಗುರುತಿನ ಕಾಗದಗಳು ಪ್ರತಿಯೊಬ್ಬ ವಯಸ್ಕರದೂ ಜೊತೆಯಲ್ಲಿರಬೇಕು. ಆಧಾರ್ ಪ್ರತಿಯನ್ನು ಕೊಡುವುದಾದರೆ ಮೊದಲಿನ ಎಂಟು ಅಂಕೆಗಳನ್ನು ಮರೆಮಾಡಿದ ಪ್ರತಿಯನ್ನು ಕೊಡುವುದು ಜಾಣತನ. ಅಂತಹ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ.

ಸ್ಥಳದ ಆಯ್ಕೆಯಲ್ಲಿಯೂ ಎಚ್ಚರಿಕೆ ಬೇಕು. ಹೆದ್ದಾರಿಗೆ ತಾಗಿರುವ ಕೋಣೆಯು ಅಗ್ಗವಾಗಿ ಸಿಕ್ಕೀತು. ಆದರೆ ಕಳಂಬೋಳಿಯು ಕಬ್ಬಿಣದ ದೊಡ್ಡ ಪೇಟೆ. ರಾತ್ರಿಯಿಡೀ ಲಾರಿಗಳ ಸದ್ದು. ರೋಗಿಗೆ ಬೇಕಾದುದು ನಿದ್ದೆ. ಹೆದ್ದಾರಿಯಿಂದ ಎರಡು ಬೀದಿ ಒಳಗಿದ್ದು, ರೈಲು ನಿಲ್ದಾಣಕ್ಕೆ ರಿಕ್ಷಾದ ದೂರದಲ್ಲಿರುವುದು ಸರಿಯಾದ ಅಳತೆ. ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣವು ೨೦೨೫ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿರುವುದರಿಂದ ಆ ಸುತ್ತಿನ ಕೋಣೆಗಳಿಗೆ ಬೇಡಿಕೆ ಬರುವುದು ಸಹಜ. ಆದುದರಿಂದ ಹಿಂದೆ ಕೊಟ್ಟ ದರವನ್ನು ನಂಬಿ ಹೋಗದೆ ಪ್ರತಿ ಸಲವೂ ಹೊಸದಾಗಿ ಕೇಳತಕ್ಕದ್ದು.

ಇನ್ನೊಂದು ವಿಷಯವನ್ನು ಮೊದಲೇ ತಿಳಿದುಕೊಂಡರೆ ಕೆಲವರಿಗೆ ಊರೊಳಗೆ ಹೋಗುವ ಕೆಲಸವೇ ಬೀಳದು. ೧೯೪೧ರಲ್ಲಿ ಪರೇಲಿನಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಸಂಸ್ಥೆಗೆ ಖಾರಘರದಲ್ಲಿ ಮತ್ತೊಂದು ಕೇಂದ್ರವಿದೆ. ಅಲ್ಲಿಯೂ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತದೆ. ಖಾರಘರವು ಪನವೇಲಿಗೆ ಹತ್ತಿರ, ಅದೇ ರೈಲು ಮಾರ್ಗದಲ್ಲಿದೆ. ಮುಂದಿನ ಭೇಟಿಯ ಚೀಟಿಯಲ್ಲಿ ಯಾವ ಕೇಂದ್ರದ ಹೆಸರಿದೆಯೆಂಬುದನ್ನು ಓದಿಕೊಂಡು ಅನಂತರ ಕೋಣೆಯನ್ನು ಹುಡುಕಬೇಕು.

ಈಗ ಇದಕ್ಕೆ ವಿರುದ್ಧವಾದ ಮಾತನ್ನೂ ಹೇಳದಿದ್ದರೆ ನನ್ನ ಉತ್ತರವು ಅಪೂರ್ಣವಾದೀತು. ಊರ ಹೊರಗೆ ತಂಗಬಾರದ ಸಮಯಗಳೂ ಇವೆ. ೨೦೨೫ರ ಜನವರಿಯಲ್ಲಿ ವೈನಿಗೆ ಶಸ್ತ್ರಕ್ರಿಯೆಯಾಯಿತು. ಆಗ ನಾವು ಕಾರನ್ನು ಮನೆಯಲ್ಲಿಯೇ ಬಿಟ್ಟು ರೈಲಿನಲ್ಲಿ ಹೋಗಿ, ಆಸ್ಪತ್ರೆಯ ಬಳಿಯಲ್ಲಿಯೇ ಕೋಣೆ ಹಿಡಿದೆವು. ಹಣ ಹೆಚ್ಚೇ ಹೋಯಿತು. ಆದರೆ ನಡುರಾತ್ರಿ ಕರೆ ಬಂದರೆ ಹತ್ತು ನಿಮಿಷದಲ್ಲಿ ಮುಟ್ಟಬೇಕಾದಾಗ ಖಾಡಿಯ ಆಚೆ ಮಲಗಿರುವುದು ಉಳಿತಾಯವಲ್ಲ. ಹಾಗೆಯೇ ಜೂನಿನಿಂದ ಸೆಪ್ಟೆಂಬರದವರೆಗಿನ ಮಳೆಗಾಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರು ಮಳೆ ಬಿದ್ದು ಊರೆಲ್ಲ ಸ್ತಬ್ಧವಾಗಿತ್ತು. ಅಷ್ಟಲ್ಲದಿದ್ದರೂ ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ತಡೆಯುವುದು ಮಳೆಗಾಲದಲ್ಲಿ ಅಪರೂಪವಲ್ಲ. ತಪ್ಪಿಸಲಾಗದ ಭೇಟಿಯಿದ್ದರೆ ಅದರ ಹಿಂದಿನ ರಾತ್ರಿಯೊಂದನ್ನು ಮಾತ್ರ ಊರೊಳಗೆ ಕಳೆಯುವುದು ಲೇಸು.

ಬಹುದಿನ ಇರಬೇಕಾದ ಬಡ ರೋಗಿಗಳಿಗೆ ಧರ್ಮಸಂಸ್ಥೆಗಳ ಆಶ್ರಯವೂ ಇದೆ. ದಾದರಿನ ಸಂತ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲಕರ್ ಸ್ಮೃತಿ ಸಮಿತಿ, ಇವು ಹೊರಗಿನಿಂದ ಬಂದ ರೋಗಿಗಳಿಗೂ ಅವರ ಮನೆಯವರಿಗೂ ತಂಗಲು ಎಡೆ ಕೊಡುತ್ತವೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಶಕ್ತಿಯಿದ್ದವರು ಆ ಜಾಗವನ್ನು ಶಕ್ತಿಯಿಲ್ಲದವರಿಗೆ ಬಿಟ್ಟುಕೊಟ್ಟರೆ ಅದೇ ಒಂದು ದಾನ.

ಬಂಧುಗಳ ಮನೆಯಿರುವಾಗ ಬಿಡಾರವೇಕೆಂದು ಕೆಲವರು ಕೇಳಬಹುದು. ಮುಂಬಯಿಗೂ ನಮಗೂ ನಂಟು ಹಳೆಯದು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು ೧೯೨೬ರಲ್ಲಿ. ನಮ್ಮ ಕಡೆಯ ಅನೇಕ ಮನೆತನಗಳಿಗೆ ಅಲ್ಲೊಬ್ಬ ತಮ್ಮನೋ ಸೋದರಳಿಯನೋ ಇದ್ದೇ ಇರುತ್ತಾನೆ. ಹಿಂದೆ ಚಾಳಿನ ಒಂದೇ ಖೋಲಿಯಲ್ಲಿ ಹತ್ತು ಜನ ಮಲಗಿ ಏಳುತ್ತಿದ್ದರು. ಯಾರೂ ಮುಖ ಸಿಂಡರಿಸಲಿಲ್ಲ. ಇಂದು ಗಂಡಹೆಂಡಿರಿಬ್ಬರೂ ನಸುಕಿನ ಗಾಡಿಗೆ ಓಡುವ ಸಂಸಾರದಲ್ಲಿ, ಎರಡು ಕೋಣೆಯ ಮನೆಯಲ್ಲಿ, ಮೂರು ತಿಂಗಳಿಗೊಮ್ಮೆ ಮೂವರು ಇಳಿದರೆ ಅವರು ಬೇಡವೆನ್ನಲಾರರು; ಆದರೆ ನಾವು ಅರಿತು ನಡೆಯಬೇಕು. ಪನವೇಲಿನಲ್ಲಿ ಇಳಿದುಕೊಂಡು ಅವರನ್ನು ಒಂದು ಹೊತ್ತು ಕಂಡು, ಮನೆಯಿಂದ ತಂದ ಚಟ್ನಿಪುಡಿಯನ್ನೂ ಫೇಡೆಯನ್ನೂ ಕೊಟ್ಟು ಬಂದರೆ ಬಾಂಧವ್ಯವು ಸವೆಯುವುದಿಲ್ಲ.

ಈ ಸೂತ್ರವು ಮುಂಬಯಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಬೆಂಗಳೂರಿಗೂ ಹೊಂದುತ್ತದೆ. ಧಾರವಾಡದಿಂದ ಉತ್ತರಕ್ಕೆ ತಿರುಗಿದರೆ ಮುಂಬಯಿಯ ಕಡೆಗೂ, ದಕ್ಷಿಣಕ್ಕೆ ತಿರುಗಿದರೆ ಬೆಂಗಳೂರಿಗೂ ಒಯ್ಯುವುದು ಒಂದೇ ಹೆದ್ದಾರಿ, ೪೮ನೆಯದು. ಬೆಂಗಳೂರಿನ ಹಸಿರು ಮೆಟ್ರೋ ಮಾರ್ಗವು ೨೦೨೪ರ ನವೆಂಬರಿನಿಂದ ಇದೇ ಹೆದ್ದಾರಿಯ ಮೇಲಿನ ಮಾದಾವರದವರೆಗೆ ಬಂದಿದೆ. ತುಮಕೂರಿನ ಕಡೆಯಿಂದ ಬರುವವರು ನೆಲಮಂಗಲ, ಮಾದಾವರಗಳ ಸುತ್ತ ಇಳಿದು ಕಾರನ್ನು ಅಲ್ಲಿಯೇ ಬಿಡಬಹುದು. ಮೈಸೂರಿನ ಕಡೆಯವರಿಗೆ ೨೦೨೩ರ ಅಕ್ಟೋಬರಿನಲ್ಲಿ ತೆರೆದ ಚಲ್ಲಘಟ್ಟದ ನಿಲ್ದಾಣವಿದೆ; ಹೊಸೂರು ರಸ್ತೆಯವರಿಗೆ ೨೦೨೫ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಬಂದಿದೆ. ಯಾವ ಊರಿಗೇ ಆಗಲಿ, ನಾವು ಬರುವ ದಿಕ್ಕಿನಲ್ಲಿಯೇ ರೈಲಿನ ಕೊನೆಯ ನಿಲ್ದಾಣ ಯಾವುದೆಂಬುದನ್ನು ಮೊದಲು ನೋಡಿ,  ಅದರ ಸುತ್ತ ಕೋಣೆಯನ್ನು ಹುಡುಕಬೇಕು. ಊರನ್ನು ದಾಟಿ ಆಚೆ ಬದಿಗೆ ಹೋಗಿ ತಂಗಿದರೆ ಅಗ್ಗದ ಕೋಣೆಯಿಂದ ಏನೂ ದಕ್ಕದು.

ಗದಗಿನ ಸೋದರಿಗೆ ನನ್ನ ಕೊನೆಯ ಮಾತು. ಯಜಮಾನರಿಗೆ ಕಾರಿನಲ್ಲಿ ಮಲಗುವ ಯೋಚನೆಯನ್ನು ಬಿಡಿಸಿರಿ. ರಾತ್ರಿ ನಿದ್ದೆಯಿಲ್ಲದವರು ಮರುದಿನ ಘಟ್ಟದ ದಾರಿಯಲ್ಲಿ ಕಾರು ನಡೆಸಬಾರದು. ಕೋಣೆಯ ಬಾಡಿಗೆ, ಕಾರಿನ ಜಾಗ, ಊರೊಳಗೆ ಹೋಗಿಬರುವ ಖರ್ಚು, ಇವು ಮೂರನ್ನೂ ಒಂದೇ ಚೀಟಿಯಲ್ಲಿ ಬರೆದು ಕೂಡಿಸಿ ನೋಡಿರಿ. ಅದರ ಕೆಳಗೆ ಅತ್ತೆಯವರು ಎಷ್ಟು ಹೊತ್ತು ಮಲಗಬಲ್ಲರೆಂಬುದನ್ನೂ ಬರೆಯಿರಿ. ಆ ಚೀಟಿಯನ್ನು ಅತ್ತೆಯವರಿಗೆ ತೋರಿಸಿರಿ. ತನ್ನಿಂದ ಮನೆಗೆ ಭಾರವಾಯಿತೆಂದು ಅವರು ಒಳಗೊಳಗೇ ಲೆಕ್ಕ ಹಾಕುತ್ತಿರಬಹುದು. ಆ ಲೆಕ್ಕವು ನಿಜವಾದ ಲೆಕ್ಕಕ್ಕಿಂತ ಯಾವಾಗಲೂ ದೊಡ್ಡದಾಗಿರುತ್ತದೆ.

ನಮ್ಮ ವೈನಿ ಈಗಲೂ ನಿಯಮಿತ ಕಾಲಕ್ಕೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಹೊರಡುವ ಹಿಂದಿನ ದಿನ ಕುಂದಾಪುರದ ಆ ತಾಯಿಗೆಂದು ಒಂದು ಸೇರು ಜೋಳದ ಹಿಟ್ಟನ್ನು ತಾವೇ ಕಟ್ಟಿಟ್ಟುಕೊಳ್ಳುತ್ತಾರೆ.